ಮೋಕ್ಷಕ್ಕೆ ಚಾಯ್ಸ್-4 ಒತ್ತಿರಿ

ಪುರುಷಾರ್ಥಗಳು ನಾಲ್ಕು. ಅವು ಯಾವುವು ಎಂದು ಈಗ ಪಿಯುಸಿ ಮುಗಿಸಿದ ಮಕ್ಕಳನ್ನು ಕೇಳಿ ನೋಡಿ. ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ಯಾರೂ ಹೇಳುವುದಿಲ್ಲ. ಚಾಯ್ಸ್-1, ಚಾಯ್ಸ್-2, ಚಾಯ್ಸ್-3, ಚಾಯ್ಸ್-4 ಎನ್ನುತ್ತಾರೆ. ಎರಡೂ ಒಂದೇ. ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಳೆಯ ಶಾಸ್ತ್ರಕ್ಕೇ ಹೊಸ ನಂಬರು ಹಾಕಿದೆ, ಅಷ್ಟೆ.

ಕೊಟ್ಟ ಸೀಟು ಒಪ್ಪಿಗೆ, ಫೀಸು ಕಟ್ಟಿ ಬಾಯಿಮುಚ್ಚಿಕೊಂಡು ಕಾಲೇಜಿಗೆ ಹೋಗುತ್ತೇನೆ ಎಂದರೆ ಚಾಯ್ಸ್-1. ಇದು ಧರ್ಮ. ಸಿಕ್ಕಿದ್ದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬಂದರೆ ಆಗ ಇದನ್ನು ಬಿಡುತ್ತೇನೆ ಎಂದರೆ ಚಾಯ್ಸ್-2. ಅರ್ಥಶಾಸ್ತ್ರವೇ. ಇದು ಬೇಡವೇ ಬೇಡ, ಬೇರೆಯದೇ ಬೇಕು ಎಂದು ಹಟ ಹಿಡಿಯುವುದು ಚಾಯ್ಸ್-3. ಕಾಮ. ನಿಮ್ಮ ಸೀಟೂ ಬೇಡ, ನಿಮ್ಮ ಸುತ್ತೂ ಬೇಡ, ನಾನು ಹೊರಟೆ ಎಂದರೆ ಚಾಯ್ಸ್-4. ಮೋಕ್ಷ. ಅದನ್ನು ಒತ್ತಿದವರಿಗೆ ಮುಂದಿನ ಸುತ್ತುಗಳಲ್ಲಿ ಪುನರ್ಜನ್ಮವಿಲ್ಲ. ಆದರೆ ಕಲಿಯುಗವಲ್ಲವೇ, ಈ ಮೋಕ್ಷದ ದಾರಿ ಎಷ್ಟೋ ಸಲ ನೇರವಾಗಿ ಮ್ಯಾನೇಜ್‌ಮೆಂಟ್ ಕೋಟಾದ ಕೌಂಟರಿಗೆ ಹೋಗಿ ಮುಟ್ಟುತ್ತದೆ.

ಇಷ್ಟು ಕೂಲಂಕಷವಾದ ವ್ಯವಸ್ಥೆಯಲ್ಲಿ ಒಂದೇ ಒಂದು ಪ್ರಶ್ನೆಗೆ ಜಾಗವಿಲ್ಲ. ‘ನಿನಗೇನಮ್ಮ ಇಷ್ಟ?’ ಅರ್ಜಿಯಲ್ಲಿ ಜಾತಿ ಕೇಳುತ್ತಾರೆ, ಗ್ರಾಮೀಣವೋ ಎಂದು ಕೇಳುತ್ತಾರೆ, ಕನ್ನಡ ಮಾಧ್ಯಮವೋ ಎಂದು ಕೇಳುತ್ತಾರೆ, 371(ಜೆ) ಬರುತ್ತದೆಯೋ ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಇಷ್ಟ ಮಾತ್ರ ಕೇಳುವುದಿಲ್ಲ, ಏಕೆಂದರೆ ನಮ್ಮಲ್ಲಿ ಇಷ್ಟ ಹುಟ್ಟುವುದೇ ಫಲಿತಾಂಶದ ನಂತರ. ರ‍್ಯಾಂಕು ಸಾವಿರದೊಳಗೆ ಬಂದರೆ ಹುಡುಗನಿಗೆ ಚಿಕ್ಕಂದಿನಿಂದಲೂ ಕಂಪ್ಯೂಟರ್ ಹುಚ್ಚು. ಹತ್ತು ಸಾವಿರದ ಹತ್ತಿರ ಬಂದರೆ ಎಲೆಕ್ಟ್ರಾನಿಕ್ಸ್ ಕಡೆ ಸಹಜ ಒಲವು. ಐವತ್ತು ಸಾವಿರ ದಾಟಿದರೆ ಎಲೆಕ್ಟ್ರಿಕಲ್‌ಗೂ ಒಳ್ಳೆಯ ಭವಿಷ್ಯವಿದೆ ಎಂದು ಯಾರೋ ಹೇಳಿದ್ದು ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಲಕ್ಷ ದಾಟಿದವನಿಗೆ ಸಿವಿಲ್‌ನಲ್ಲಿ ದೇಶಸೇವೆ ಕಾಣಿಸುತ್ತದೆ.

ಸಿಇಟಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದಕ್ಕೂ ಮೊದಲು ಏನಿತ್ತು ಎಂದು ಬಲ್ಲವರು ಬೈಯುವುದೂ ಇಲ್ಲ. 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ತಂದ ರಾಜ್ಯ ನಮ್ಮದು. 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದರಪಟ್ಟಿ ಹೊರಡಿಸಿದ ರಾಜ್ಯವೂ ನಮ್ಮದೇ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನ ಮಕ್ಕಳಿಗೆ 25,000, ಹೊರಗಿನವರಿಗೆ 60,000. ಆ ಅರವತ್ತು ಸಾವಿರವೇ ಮೋಹಿನಿ ಜೈನ್ ಪ್ರಕರಣವಾಗಿ 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಿಇಟಿ. ಯಾವ ಶಿಫಾರಸು ಇಲ್ಲದ ಮೇಷ್ಟ್ರ ಮಗಳು, ಅಂಚೆಯಣ್ಣನ ಮಗ ಬೆಂಗಳೂರಿನ ದೊಡ್ಡ ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಪರೀಕ್ಷೆಯಿಂದಲೇ. ದುಡ್ಡಿನ ಜಾಗಕ್ಕೆ ರ‍್ಯಾಂಕು ಬಂತು. ಇಷ್ಟ ಆಗಲೂ ಸಾಲಿನ ಕೊನೆಯಲ್ಲಿತ್ತು, ಈಗಲೂ ಅಲ್ಲೇ ಇದೆ. ದುಡ್ಡಂತೂ ಎಲ್ಲೂ ಹೋಗಿಲ್ಲ. ಸೀಟು ಬ್ಲಾಕ್ ಮಾಡಿ ಕೊನೆಗೆ ಮಾರುವ ವಿದ್ಯೆ 2024ರಲ್ಲಿ ಪೊಲೀಸ್ ಠಾಣೆಯವರೆಗೂ ನಡೆದುಕೊಂಡು ಹೋಗಿದೆ.

ಅದೇ 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, ಗಲಾಟೆಯಾಗಿ, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ನಮ್ಮ ಮಕ್ಕಳಿಗೆ ಪಠ್ಯದಾಚೆಗೂ ಏನಾದರೂ ಗೊತ್ತಿರಲಿ ಎಂದು ವ್ಯವಸ್ಥೆ ಆಸೆಪಟ್ಟದ್ದು ಅದೊಂದೇ ಸಲ.

ಹಾಗೆ ನೋಡಿದರೆ ಆಯ್ಕೆ ಮುಗಿಯುವುದು ಸಿಇಟಿಯಲ್ಲಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ. ಮೀಸೆ ಮೂಡದ ವಯಸ್ಸಿಗೆ ಹುಡುಗನ ಹಣೆಯ ಮೇಲೆ ನಾಲ್ಕಕ್ಷರ ಬರೆದು ಕಳಿಸುತ್ತಾರೆ. ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್. ಬ್ರಹ್ಮನ ಬರಹವನ್ನಾದರೂ ಹರಕೆ ಹೊತ್ತು ತಿದ್ದಿಸಬಹುದೇನೋ, ಕಾಂಬಿನೇಷನ್ ತಿದ್ದಲಾಗದು. ಲೆಕ್ಕವೆಂದರೆ ಜ್ವರ ಬರುವ, ಕಪ್ಪೆ ಕಂಡರೆ ಓಡುವ ಮಗುವಿಗೂ ಪಿಸಿಎಂಬಿ ಕೊಡಿಸುವುದು ಏಕೆಂದರೆ ‘ಎರಡೂ ಕಡೆ ಆಪ್ಷನ್ ಇರುತ್ತೆ’. ಮಗುವಿಗೆ ಎರಡೂ ಬೇಡದಿದ್ದರೆ? ಆ ಆಪ್ಷನ್ ಇಲ್ಲ. ನೀಟ್ ಬರೆಯುವವರು ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಸಮುದಾಯ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ ಎಂಬ ಬೋರ್ಡು ಮಾತ್ರ ಇದ್ದಲ್ಲೇ ಇದೆ.

ಎಂಜಿನಿಯರಿಂಗ್ ಕಡೆ ಬನ್ನಿ. ಅಲ್ಲಿ ದಶಾವತಾರ ನಡೆದಿದೆ. ಮೊದಲು ಕಂಪ್ಯೂಟರ್ ಸೈನ್ಸ್ ಒಂದೇ ಇತ್ತು. ಆಮೇಲೆ ಇನ್ಫರ್ಮೇಷನ್ ಸೈನ್ಸ್ ಆಗಿ ಅವತರಿಸಿತು. ಡೇಟಾ ಸೈನ್ಸ್ ಆಯಿತು, ಸೈಬರ್ ಸೆಕ್ಯುರಿಟಿ ಆಯಿತು, ಬ್ಲಾಕ್‌ಚೈನ್ ಆಯಿತು, ಐಒಟಿ ಆಯಿತು. ಈಗ ಎಐ ಮತ್ತು ಮಷೀನ್ ಲರ್ನಿಂಗ್, ಅಂದರೆ ಕಲ್ಕಿ. ಹಿಂದಿನ ಅವತಾರಗಳ ಕೆಲಸವನ್ನೆಲ್ಲ ತಾನೇ ಮಾಡಿ ಮುಗಿಸುವುದು ಇದರ ಉದ್ದೇಶವೆಂದು ಬಲ್ಲವರು ಹೇಳುತ್ತಿದ್ದಾರೆ. ಅದಕ್ಕೇ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. 2024-25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನೂ ತೆಗೆದುಹಾಕಿತು. ಒಲೆ ಮೇಲಿಟ್ಟ ಅಕ್ಕಿಗೆ ಎಸರು ಸುರಿದಷ್ಟೂ ಅನ್ನವಾಗುತ್ತದೆ ಎಂದು ಕಾಲೇಜುಗಳು ನಂಬಿವೆ. ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳು ರಾತ್ರಿ ಕೂತು ಪೈಥಾನ್ ಕಲಿತು ಬೆಳಿಗ್ಗೆ ಪಾಠ ಮಾಡುತ್ತಿದ್ದಾರೆ. ಒಂದು ದೃಷ್ಟಿಯಿಂದ ಇಡೀ ಕ್ಯಾಂಪಸ್ಸಿನಲ್ಲಿ ಹೊಸದೇನನ್ನಾದರೂ ಕಲಿಯುತ್ತಿರುವವರು ಅವರೇ.

ಸಿವಿಲ್ ಸೀಟುಗಳು ಖಾಲಿ ಉಳಿಯುವುದಕ್ಕೆ ತಜ್ಞರು ಏನೇನೋ ಕಾರಣ ಕೊಡುತ್ತಾರೆ. ನಿಜವಾದ ಕಾರಣ ನಮ್ಮ ಬಡಾವಣೆಯ ಯಜಮಾನರಿಗೆ ಗೊತ್ತು. ಮೂವತ್ತು-ನಲವತ್ತು ಸೈಟಿನಲ್ಲಿ ಮನೆ ಎಬ್ಬಿಸುವಾಗ ಅವರು ಸಿವಿಲ್ ಎಂಜಿನಿಯರಿಗೆ ಕೊಟ್ಟದ್ದು ಪ್ಲಾನಿಗೆ ಸಹಿ ಹಾಕುವ ದುಡ್ಡು ಮಾತ್ರ. ಕಂಬಿ ಎಷ್ಟು ಎಂಎಂ, ಪಿಲ್ಲರ್ ಎಲ್ಲಿ ಎಂದು ತೀರ್ಮಾನಿಸಿದವರು ಮೇಸ್ತ್ರಿ ಮತ್ತು ವಾಸ್ತು ಜೋಯಿಸರು. ಎಂಜಿನಿಯರನ್ನು ತಾನು ಹೇಗೆ ನಡೆಸಿಕೊಂಡೆ ಎಂದು ಬಲ್ಲ ಅಪ್ಪ ಮಗನನ್ನು ಸಿವಿಲ್‌ಗೆ ಕಳಿಸುವನೇ? ಕಂಪ್ಯೂಟರ್ ಓದಿದ ಮಗನಿಗೆ ಕ್ಯಾಂಪಸ್ಸಿನಲ್ಲಿ ವರ್ಷಕ್ಕೆ ಮೂರೂವರೆ ಲಕ್ಷದ ‘ಪ್ಯಾಕೇಜ್’ ಸಿಗುತ್ತದೆ. ಆ ಮೂರೂವರೆ ಲಕ್ಷ ಹತ್ತು ವರ್ಷಕ್ಕೂ ಮೀರಿ ಹೆಚ್ಚುಕಡಿಮೆ ಅಲ್ಲೇ ಕೂತಿದೆ ಎಂಬುದನ್ನು ಅಪ್ಪನಿಗೆ ಯಾರೂ ಹೇಳಿಲ್ಲ. ಅಷ್ಟು ವರ್ಷದಲ್ಲಿ ಮೇಸ್ತ್ರಿಯ ದಿನಗೂಲಿ ಎಷ್ಟು ಏರಿತೆಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತು; ಎರಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿಲ್ಲ, ಅಷ್ಟೆ.

ಇಷ್ಟೆಲ್ಲ ಗೊಂದಲವಿರುವಾಗ ಮಾರ್ಗದರ್ಶನ ಬೇಡವೇ? ಬೇಕಾದಷ್ಟಿದೆ. ಏಪ್ರಿಲ್-ಮೇ ತಿಂಗಳಲ್ಲಿ ಪತ್ರಿಕೆ ತೆರೆದರೆ ಮುಖಪುಟದಲ್ಲಿ ಸುದ್ದಿಯೇ ಇರುವುದಿಲ್ಲ. ಸಾಲು ಸಾಲು ಮಕ್ಕಳು ಅಂಚೆಚೀಟಿ ಗಾತ್ರದ ಫೋಟೋಗಳಲ್ಲಿ ನಗುತ್ತಿರುತ್ತಾರೆ. ಒಂದೇ ಮುಖ ಎರಡು ಸಂಸ್ಥೆಗಳ ಜಾಹೀರಾತಿನಲ್ಲಿ ನಕ್ಕರೆ ಗಾಬರಿಯಾಗಬೇಡಿ. ಒಬ್ಬರು ಕೋಚಿಂಗ್ ಕೊಟ್ಟಿರುತ್ತಾರೆ, ಇನ್ನೊಬ್ಬರು ಹಾಜರಿ ಕೊಟ್ಟಿರುತ್ತಾರೆ. ಈ ಅಂಕಣದ ಸಂಭಾವನೆಯೂ ಅದೇ ಜಾಹೀರಾತಿನ ದುಡ್ಡಿನಿಂದ ಬರುವುದರಿಂದ ಈ ವಿಷಯ ಇಲ್ಲಿಗೇ ಸಾಕು.

ಎಜುಕೇಷನ್ ಎಕ್ಸ್‌ಪೋಗೆ ಹೋದರೆ ಇನ್ನೊಂದು ಶಾಸ್ತ್ರ ಕಾದಿರುತ್ತದೆ. ಡಿಎಂಐಟಿ ಎಂದು ಹೆಸರು. ಮಗುವಿನ ಹತ್ತೂ ಬೆರಳಿನ ಗೆರೆ ಸ್ಕ್ಯಾನ್ ಮಾಡಿ, ಮಿದುಳಿನ ಯಾವ ಭಾಗ ಎಷ್ಟು ಚುರುಕು, ಅದು ಮುಂದೆ ಡಾಕ್ಟರೋ ಡಿಸೈನರೋ ಎಂದು ಬಣ್ಣಬಣ್ಣದ ಪುಸ್ತಕ ಮಾಡಿ ಕೊಡುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದರೆ ನಿಮ್ಮನ್ನು ಹಿಂದುಳಿದವರೆಂದು ನೋಡುತ್ತಾರೆ. ನಮ್ಮ ತಾತಂದಿರ ಕಾಲದಲ್ಲಿ ಓದು ಬಾರದವನು ತಾಲ್ಲೂಕು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಈಗ ಏನು ಓದಬೇಕೆಂದು ತಿಳಿಯಲು ಹತ್ತೂ ಬೆರಳು ಒತ್ತಬೇಕು. ಪ್ರಗತಿ ಎಂದರೆ ಇದೇ, ಒಂದರಿಂದ ಹತ್ತಕ್ಕೆ.

ಉಳಿದ ಮಾರ್ಗದರ್ಶನವೆಲ್ಲ ಉಚಿತ. ಯಾವುದಾದರೂ ಮದುವೆಯ ಪಂಕ್ತಿಯಲ್ಲಿ ಕೂತರೆ ಸಾಕು.

“ಏನೋ ಮರಿ, ಮುಂದೇನು?”

“ಹಿಸ್ಟರಿ ಓದೋಣ ಅಂತಿದ್ದೀನಿ, ದೊಡ್ಡಪ್ಪ.”

ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ದೊಡ್ಡಪ್ಪ ಬಡಿಸುವವನ ಕೈ ತಡೆಯುತ್ತಾರೆ. ಪಕ್ಕದ ಎಲೆಯಲ್ಲಿ ಕೂತ ಹುಡುಗನ ಅಪ್ಪ ಉಪ್ಪಿನಕಾಯಿಯನ್ನು ಗಮನವಿಟ್ಟು ನೋಡತೊಡಗುತ್ತಾನೆ.

“ಯಾಕೋ, ಮಾರ್ಕ್ಸ್ ಕಮ್ಮಿ ಬಂತಾ?”

“ಇಲ್ಲ ದೊಡ್ಡಪ್ಪ, ತೊಂಬತ್ಮೂರು ಪರ್ಸೆಂಟು.”

“ಮತ್ತಿನ್ನೇನು ರೋಗ?”

ಈ ಹುಡುಗನ ಬಳಿ ಉತ್ತರವಿಲ್ಲ, ಆದರೆ ಅವನ ಪರವಾಗಿ ಸಾಕ್ಷಿ ನುಡಿಯಲು ದೊಡ್ಡವರೊಬ್ಬರಿದ್ದಾರೆ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಾವು ಹಾರ ಹಾಕುವ ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪಡೆದದ್ದು ಬಿಎ ಪದವಿ. ಎಂಜಿನಿಯರಿಂಗ್ ಓದಿದ್ದು ಆಮೇಲೆ, ಪುಣೆಯಲ್ಲಿ. ಅಂದಿನ ಬಿಎ ಬೇರೆ, ಇಂದಿನ ಬಿಎ ಬೇರೆ ಎಂದು ತಕರಾರು ತೆಗೆಯುವವರಿದ್ದಾರೆ; ಇರಲಿ. ಆದರೆ ಅದೇ ಮನುಷ್ಯ ಇವತ್ತು ಬಿಎ ಸರ್ಟಿಫಿಕೇಟ್ ಹಿಡಿದು, 1998ರಲ್ಲಿ ಅವರದೇ ಹೆಸರಿನಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ತಾಂತ್ರಿಕ ವಿಶ್ವವಿದ್ಯಾಲಯದ ಯಾವುದಾದರೂ ಕಾಲೇಜಿಗೆ ಬಂದರೆ, ಕಿಟಕಿಯಲ್ಲಿ ಕೂತ ಗುಮಾಸ್ತ ತಲೆ ಎತ್ತದೆ ಕೇಳುತ್ತಾನೆ: “ಪಿಯುಸಿಲಿ ಪಿಸಿಎಂ ಇತ್ತಾ? ಸಿಇಟಿ ರ‍್ಯಾಂಕ್ ಎಷ್ಟು? ನೆಕ್ಸ್ಟ್.”

ದೊಡ್ಡಪ್ಪನಿಗೂ ಸಾಕ್ಷಿಗಳಿದ್ದಾರೆ. “ಓದೋದು ಓದು, ಹಿಸ್ಟರಿನ ಹಾಬಿ ಥರ ಇಟ್ಕೋ. ಅನಿಲ್ ಕುಂಬ್ಳೆ ನೋಡು, ಮೆಕ್ಯಾನಿಕಲ್ ಎಂಜಿನಿಯರ್. ಡಿಗ್ರಿನೂ ಮುಗಿಸಿದ್ರು, 619 ಟೆಸ್ಟ್ ವಿಕೆಟ್ಟೂ ತಗೊಂಡ್ರು. ಶ್ರೀನಾಥೂ ಎಂಜಿನಿಯರೇ. ಸಿನಿಮಾದಲ್ಲಿ ರಮೇಶ್ ಅರವಿಂದ್? ಎಂಜಿನಿಯರ್!” ಡಿಗ್ರಿ ಇಲ್ಲದಿದ್ದರೆ ಚೆಂಡು ತಿರುಗುತ್ತಲೇ ಇರಲಿಲ್ಲ ಎಂಬಂತೆ ಕೈ ಆಡಿಸುತ್ತಾರೆ.

“ರಾಜ್‌ಕುಮಾರ್ ಪ್ರೈಮರಿ ಸ್ಕೂಲೂ ಮುಗಿಸಿರಲಿಲ್ವಲ್ಲ, ದೊಡ್ಡಪ್ಪ.”

“ಅವರು ಅಣ್ಣಾವ್ರು ಕಣೋ. ನೀನು ಅಣ್ಣಾವ್ರಾ?”

ಇಲ್ಲಿಗೆ ವಾದ ಮುಗಿಯಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ ಗಿರೀಶ ಕಾರ್ನಾಡರು ನಾಟಕಕಾರರಾದರು ಎಂದು ಹುಡುಗ ಹೇಳಬಹುದಿತ್ತು. ಕನ್ನಡ ಎಂಎ ಮಾಡಿ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು ಎನ್ನಬಹುದಿತ್ತು. ಉಪಯೋಗವಿಲ್ಲ. ದೊಡ್ಡಪ್ಪಂದಿರ ತರ್ಕದಲ್ಲಿ ಗೆದ್ದವನು ಓದಿದ್ದೆಲ್ಲ ಸರಿ, ಇನ್ನೂ ಗೆಲ್ಲದವನು ಓದಬೇಕೆನ್ನುವುದೆಲ್ಲ ತಪ್ಪು.

ಹುಡುಗರು ನಾಲ್ಕು ವಿಷಯ ಮುಟ್ಟಿ, ರುಚಿ ನೋಡಿ, ಆಮೇಲೆ ಆರಿಸಿಕೊಳ್ಳಲಿ ಎಂದು ಸರ್ಕಾರವೇ ಒಮ್ಮೆ ಮನಸ್ಸು ಮಾಡಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವು ಎಂದು 2021ರಲ್ಲಿ ಬೆನ್ನು ತಟ್ಟಿಕೊಂಡೆವು. ಭೌತಶಾಸ್ತ್ರದ ಹುಡುಗಿ ಸಂಗೀತ ಕಲಿಯಬಹುದು, ಕಾಮರ್ಸಿನ ಹುಡುಗ ಪುರಾತತ್ವ ಓದಬಹುದು ಎಂದರು. ಅದಕ್ಕೆ ಓಪನ್ ಎಲೆಕ್ಟಿವ್ ಎಂದು ಹೆಸರು. ಪಟ್ಟಿಯಲ್ಲಿ ಓಪನ್ ಇದ್ದದ್ದು ಬಹಳ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓಪನ್ ಇದ್ದದ್ದು, ಆ ಸೆಮಿಸ್ಟರಿನಲ್ಲಿ ಯಾವ ಅತಿಥಿ ಉಪನ್ಯಾಸಕರು ಸಿಕ್ಕರೋ ಅವರ ವಿಷಯ. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರೆ ಅದೂ ಇಲ್ಲ. ಎರಡು ದಶಕ ಪಾಠ ಮಾಡಿಯೂ ‘ಅತಿಥಿ’ಯಾಗಿಯೇ ಉಳಿಯುವುದು ಹೇಗೆ ಎಂಬುದನ್ನು ಮಕ್ಕಳು ಅವರನ್ನು ನೋಡಿಯೇ ಕಲಿತರು. ಪಠ್ಯದಲ್ಲಿಲ್ಲದ ವೃತ್ತಿ ಮಾರ್ಗದರ್ಶನ ಅದು, ಪರಿಣಾಮಕಾರಿಯಾಗಿತ್ತು.

2024ರಲ್ಲಿ ಹೊಸ ಸರ್ಕಾರ ನಾಲ್ಕು ವರ್ಷದ ಪದವಿ ತೆಗೆದು ಮತ್ತೆ ಮೂರು ವರ್ಷಕ್ಕೆ ತಂದಿತು. 2021ರಲ್ಲಿ ಸೇರಿದ ಅಕ್ಕನದು ಒಂದು ಪಠ್ಯಕ್ರಮ, 2024ರಲ್ಲಿ ಅದೇ ಕಾಲೇಜು ಸೇರಿದ ತಂಗಿಯದು ಇನ್ನೊಂದು. ಅಕ್ಕನ ನೋಟ್ಸು ತಂಗಿಗೆ ಬಾರದಂತೆ ನೋಡಿಕೊಳ್ಳುವುದರಲ್ಲಿ ಮಾತ್ರ ನಮ್ಮ ಎಲ್ಲ ಪಕ್ಷಗಳ ಶಿಕ್ಷಣ ನೀತಿ ಒಂದೇ ಆಗಿದೆ.

ಅಂದಹಾಗೆ, ಈವರೆಗೆ ಹೇಳಿದ್ದೆಲ್ಲ ಆಪ್ಷನ್ ಇರುವವರ ಕಷ್ಟ. ಎಸ್ಸೆಸ್ಸೆಲ್ಸಿಯಲ್ಲಿ ನಲವತ್ತೆಂಟು ಪರ್ಸೆಂಟ್ ತೆಗೆದು ಸರ್ಕಾರಿ ಪಿಯು ಕಾಲೇಜಿನ ಮುಂದೆ ನಿಂತ ಹುಡುಗಿಯ ಬೆರಳಿನ ಗೆರೆಯನ್ನು ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಅವಳಿಗೆ ಯಾವ ಕಾಂಬಿನೇಷನ್ ಎಂದು ಯಾವ ದೊಡ್ಡಪ್ಪನೂ ಕೇಳುವುದಿಲ್ಲ. ‘ಆರ್ಟ್ಸ್ ಕೊಡಿ ಸಾರ್’ ಎಂದು ಅವರಪ್ಪನೇ ಮೊದಲು ಹೇಳಿಬಿಡುತ್ತಾನೆ. ನಮ್ಮ ರಾಜ್ಯದ ಬಹುಪಾಲು ಮಕ್ಕಳ ಕರಿಯರ್ ಕೌನ್ಸೆಲರ್ ಯಾರು ಗೊತ್ತೆ? ಕೆಎಸ್‌ಆರ್‌ಟಿಸಿ ವೇಳಾಪಟ್ಟಿ. ಬೆಳಿಗ್ಗೆ ಎಂಟೂವರೆ ಬಸ್ಸು ಊರೊಳಗೆ ಬಂದರೆ ಬಿಎಸ್ಸಿ ಇರುವ ಪೇಟೆ ಕಾಲೇಜು, ಬರದಿದ್ದರೆ ನಡೆದು ಹೋಗುವ ದೂರದಲ್ಲಿ ಏನಿದೆಯೋ ಅದು. ಪ್ರಾಕ್ಟಿಕಲ್ ಮುಗಿಯುವುದು ಸಂಜೆ ಐದಕ್ಕೆ, ಕೊನೆಯ ಬಸ್ಸು ನಾಲ್ಕೂ ಮುಕ್ಕಾಲಿಗೆ ಎಂದರೆ ಆ ಊರಿನ ಹುಡುಗಿಯರಿಗೆಲ್ಲ ವಿಜ್ಞಾನದಲ್ಲಿ ಆಸಕ್ತಿ ಇಲ್ಲ ಎಂದೇ ಅರ್ಥ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಪ್ರಶ್ನೆ ತೀರಿತು. ಬಸ್ಸಿನ ಪ್ರಶ್ನೆ ಇದೆ.

ಇಷ್ಟಾದರೂ ಒಂದು ಕಡೆ ಮಾತ್ರ ಮಕ್ಕಳ ನಿಜವಾದ ಬದುಕನ್ನೇ ಪರೀಕ್ಷೆ ಮಾಡುವ ಏರ್ಪಾಡಿದೆ. ಬಿಎಸ್ಸಿ ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಜಮೀನಿನ ಪತ್ರ, ತಹಶೀಲ್ದಾರರ ಪ್ರಮಾಣಪತ್ರ ತಂದರೆ ಸಾಲದು. ಪ್ರಾಯೋಗಿಕ ಪರೀಕ್ಷೆಗೂ ಕೂರಬೇಕು. ಮೇಜಿನ ಮೇಲೆ ಬೀಜ, ಗೊಬ್ಬರ, ಕಳೆ, ಸಲಕರಣೆ ಇಟ್ಟಿರುತ್ತಾರೆ, ಗುರುತಿಸಬೇಕು. ಕಲ್ಪನೆ ಬಹಳ ಒಳ್ಳೆಯದು. ಮಣ್ಣಿನಲ್ಲಿ ಕೈ ಆಡಿಸಿದ ಮಗು ಯಾವುದು, ಪಹಣಿಯಲ್ಲಿ ಮಾತ್ರ ರೈತನಾದವನ ಮಗು ಯಾವುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಆದರೆ ಪರೀಕ್ಷೆ ಎಂಬ ಮೂರಕ್ಷರ ಎಲ್ಲಿದೆಯೋ ಅಲ್ಲಿ ಕೋಚಿಂಗ್ ಹುಟ್ಟದೆ ಇರುತ್ತದೆಯೇ? ಡಬ್ಬಿಗಳಲ್ಲಿ ಬೀಜ ಜೋಡಿಸಿ ಪಾಠ ಹೇಳುವವರಿದ್ದಾರೆ. ನವಣೆಗೂ ಸಾಮೆಗೂ ವ್ಯತ್ಯಾಸ ಹೇಳಿಕೊಡುವ ಯೂಟ್ಯೂಬ್ ವಿಡಿಯೋಗಳಿವೆ. ಯೂರಿಯಾ ಯಾವುದು, ಡಿಎಪಿ ಯಾವುದು ಎಂದು ಮಗು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಉರುಹೊಡೆಯುತ್ತದೆ. ಅದೇ ಹೊತ್ತಿಗೆ, ದಿನಾ ಬೆಳಿಗ್ಗೆ ಎದ್ದು ನಿಜವಾಗಿಯೂ ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಕಾಲೇಜಿಗೆ ಹೋಗುವ ಹುಡುಗ ಸೈಬರ್ ಸೆಂಟರಿನಲ್ಲಿ ಆಪ್ಷನ್ ಎಂಟ್ರಿ ಮಾಡಿಸುತ್ತಿದ್ದಾನೆ: ಕಂಪ್ಯೂಟರ್ ಸೈನ್ಸ್, ಕಂಪ್ಯೂಟರ್ ಸೈನ್ಸ್-ಎಐ, ಕಂಪ್ಯೂಟರ್ ಸೈನ್ಸ್-ಡೇಟಾ. ಕೃಷಿ ಹಾಕೋಣವೇನಪ್ಪ ಎಂದು ಸೈಬರಿನವನು ಕೇಳಿದರೆ, “ಬೇಡ ಅಣ್ಣ, ಅದು ನಂಗೆ ಗೊತ್ತು” ಎನ್ನುತ್ತಾನೆ.

ಇತ್ತ ಕೃಷಿ ವಿಶ್ವವಿದ್ಯಾಲಯವೊಂದರ ಹಾಲ್‌ನಲ್ಲಿ ಪರೀಕ್ಷೆ ನಡೆದಿದೆ ಎಂದುಕೊಳ್ಳಿ. ಪರೀಕ್ಷಕರು ಒಂದು ಹಿಡಿ ಕಾಳು ಎತ್ತಿ ತೋರಿಸುತ್ತಾರೆ.

“ಇದೇನಮ್ಮ?”

“ರಾಗಿ ಸಾರ್. ವೈಜ್ಞಾನಿಕ ಹೆಸರು ಎಲ್ಯುಸಿನ್ ಕೊರಕಾನ. ತಳಿಗಳು ಹೇಳಲಾ?”

“ಬೇಡ, ಬೇಡ. ತೆನೆ ಕೊಯ್ಯೋದು ನೋಡಿದ್ದೀಯಾ?”

“ನೋಡಿದ್ದೀನಿ ಸಾರ್. ಒಂದೂವರೆ ಪಟ್ಟು ಸ್ಪೀಡಲ್ಲಿ.”

ಮಾರ್ಕ್ಸ್ ಹಾಕಲೇಬೇಕು, ಉತ್ತರ ಸರಿಯಿದೆ. ಹಾಕುತ್ತಾರೆ.

“ಡಿಗ್ರಿ ಮುಗಿಸಿ ಏನು ಮಾಡ್ತೀಯಮ್ಮ? ಊರಲ್ಲಿ ಜಮೀನಿದೆಯಲ್ಲ, ಅದನ್ನ ನೋಡ್ಕೋತೀಯಾ?”

“ಇಲ್ಲ ಸಾರ್, ಕೆಎಎಸ್ ಮಾಡ್ಬೇಕು. ಅಗ್ರಿ ಓದಿದ್ರೆ ಪ್ರಿಪರೇಷನ್‌ಗೆ ಟೈಮ್ ಸಿಗುತ್ತಂತೆ. ಕೋಚಿಂಗ್ ಸೆಂಟರಲ್ಲಿ ಹೇಳಿದ್ರು.”

ಪರೀಕ್ಷಕರು ಪೆನ್ನು ಕೆಳಗಿಟ್ಟು, ಪಕ್ಕದ ಮೇಜಿನವರಿಗೆ ಕೇಳಿಸದಂತೆ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ.

“ಯಾವ ಸೆಂಟರು? ವಿಜಯನಗರದ್ದಾ, ಧಾರವಾಡದ ಸಪ್ತಾಪುರದ್ದಾ? ನಮ್ಮ ಹುಡುಗ ಎಂಜಿನಿಯರಿಂಗ್ ಮುಗಿಸಿ ಮನೇಲಿದ್ದಾನೆ, ಅವನ್ನೂ ಸೇರಿಸ್ಬೇಕು.”